ಮೂಳೆ ಕೂಡಿದ ಮೇಲೂ ಉಳಿದ ಉರಿ: ತೀರ್ಥಹಳ್ಳಿ ಕಡೆಯ ಒಂದು ಪ್ರಕರಣ

ಮಳೆಗಾಲ ಹಿಡಿದರೆ ನಮ್ಮ ಕಡೆ ಅಂಗಳದಲ್ಲಿ ಅಡಿಕೆ ದಬ್ಬೆ ಹಾಸುತ್ತಾರೆ. ಪಾಚಿಗಟ್ಟಿದ ನೆಲದ ಮೇಲೆ ಜಾರದೆ ಕೊಟ್ಟಿಗೆಗೆ, ಬಚ್ಚಲಿಗೆ ಹೋಗಲಿ ಅಂತ. ಈ ಪ್ರಕರಣದ ಅಕ್ಕ ಬಿದ್ದದ್ದು ಆ ದಬ್ಬೆಯ ಮೇಲಿಂದಲೇ. ಪುನರ್ವಸು ಮಳೆ, ಬೆಳಗಿನ ಆರು ಗಂಟೆ, ಕೈಯಲ್ಲಿ ಅಕ್ಕಚ್ಚಿನ ಬಕೆಟ್. ದಬ್ಬೆ ಪಕ್ಕಕ್ಕೆ ಹೊರಳಿತು, ಬಲಗಾಲು ತಿರುಚಿಕೊಂಡಿತು, ಇಡೀ ಮೈ ಅದರ ಮೇಲೆ ಬಿತ್ತು. "ಲಟಕ್ ಅಂತ ಸದ್ದು ಕೇಳ್ತು. ದಬ್ಬೆ ಮುರೀತು ಅಂದ್ಕೊಂಡೆ" ಎಂದು ನನಗೆ ಹೇಳಿದರು.

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಡಾಕ್ಟರ್ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅಕ್ಕ ನನ್ನನ್ನು "ಡಾಕ್ಟ್ರೇ" ಎಂದೇ ಕರೆಯುತ್ತಾರೆ. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ನಾನು ಎಡವಿದ್ದನ್ನು ಮಾತ್ರ ಬದಲಿಸಿಲ್ಲ.

ಅಕ್ಕನಿಗೆ ಆಗ 48 ವರ್ಷ. ತೀರ್ಥಹಳ್ಳಿಯಿಂದ ಒಳಗೆ ಒಂದು ಸಣ್ಣ ಊರು, ಎರಡು ಎಕರೆ ಅಡಿಕೆ ತೋಟ, ಮೂರು ದನ, ಸಸ್ಯಾಹಾರಿ ಮನೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಪಾದದ ಕೀಲಿನ ಎರಡೂ ಕಡೆಯ ಗಿಣ್ಣು ಮುರಿದಿತ್ತು. ಊತ ಇಳಿಯಲಿ ಎಂದು ಒಂದು ವಾರ ಕಾದು ಆಪರೇಷನ್ ಮಾಡಿದರು. ಹೊರಗಡೆಯ ಮೂಳೆಗೆ ಪ್ಲೇಟು, ಒಳಗಡೆಯದಕ್ಕೆ ಎರಡು ಸ್ಕ್ರೂ. ಆರು ವಾರ ಕಾಲು ನೆಲಕ್ಕೆ ಊರುವಂತಿಲ್ಲ. ಮೂರು ತಿಂಗಳ ಎಕ್ಸ್‌ರೇ ನೋಡಿದ ಮೂಳೆ ವೈದ್ಯರು "ಚೆನ್ನಾಗಿ ಕೂಡಿದೆ, ಇನ್ನು ನಡೀರಿ" ಎಂದರು. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆ ಎಕ್ಸ್‌ರೇಯನ್ನು ನಾನೂ ಎಷ್ಟೋ ಸಲ ನೋಡಿದ್ದೇನೆ, ಬೆರಳಿಟ್ಟು ತೋರಿಸುವಂಥ ತಪ್ಪು ಅದರಲ್ಲಿಲ್ಲ.

ನನ್ನ ಹತ್ತಿರ ಬಂದದ್ದು ನವೆಂಬರಿನಲ್ಲಿ. ಅರವತ್ತು ಕಿಲೋಮೀಟರ್ ಬಸ್ಸು, ಮಂಡಗದ್ದೆ, ಗಾಜನೂರು ದಾಟಿ. ಚೀಟಿಯಲ್ಲಿ "ಪಾದದ ಕೀಲು ಬಿಗಿತ" ಎಂದಿತ್ತು. ನಾನು ಬಿಗಿತವನ್ನೇ ನೋಡಿದೆ. ಕೋನ ಅಳೆದೆ, ಮಡಚಿಸಿದೆ, ಎಳೆಸಿದೆ, ರಬ್ಬರ್ ಬ್ಯಾಂಡ್ ಕೊಟ್ಟೆ. ಪಾದ ಹಿಡಿದಾಗೆಲ್ಲ ಅವರು ಹಲ್ಲು ಕಚ್ಚುತ್ತಿದ್ದರು. "ಸ್ವಲ್ಪ ತಡ್ಕೊಳ್ಳಿ ಅಕ್ಕ, ಸಡಿಲ ಆಗ್ಬೇಕಲ್ವಾ?" ಎನ್ನುತ್ತಿದ್ದೆ. ನೋವು ಎಲ್ಲಿದೆ ಎಂದು ಕೇಳಿದೆ, ಹತ್ತಕ್ಕೆ ಎಷ್ಟು ಎಂದೂ ಕೇಳಿದೆ. ಎಂಥ ನೋವು ಎಂದು ಕೇಳಲಿಲ್ಲ. ಜನವರಿ ಹೊತ್ತಿಗೆ ಕೀಲು ಸಾಕಷ್ಟು ಸಡಿಲವಾಯಿತು. ನನ್ನ ಫೈಲಿನಲ್ಲಿ "ಉತ್ತಮ ಪ್ರಗತಿ" ಎಂದು ಬರೆದುಕೊಂಡೆ. ಆ ಅಕ್ಕ ಬರುವುದನ್ನೇ ನಿಲ್ಲಿಸಿದರು.

ಆ ನಡುವೆ ಮನೆಯಲ್ಲಿ ನಡೆದದ್ದು ನನಗೆ ಆಮೇಲೆ ತಿಳಿಯಿತು. ಅತ್ತೆಯವರು "ಕಬ್ಬಿಣ ಹಾಕಿದ ಕಾಲಿಗೆ ಶೀತ ಹತ್ತಿದೆ" ಎಂದು ಬಚ್ಚಲ ಒಲೆಯ ಮುಂದೆ ಕಾಲು ಕಾಯಿಸಲು ಕೂರಿಸಿದರು. ಪಕ್ಕದ ಊರಿನಲ್ಲಿ ಉಳುಕು ತಿಕ್ಕುವವರೊಬ್ಬರು ಎಣ್ಣೆ ಹಚ್ಚಿ ಗಾಯದ ಕಲೆಯ ಮೇಲೇ ಜೋರಾಗಿ ತಿಕ್ಕಿದರು. ಅಂದು ರಾತ್ರಿ ಇಡೀ ಅತ್ತರಂತೆ. ಮೆಡಿಕಲ್ ಶಾಪಿನ ನೋವಿನ ಮಾತ್ರೆ ನುಂಗಿ ನುಂಗಿ ಹೊಟ್ಟೆ ಉರಿ ಬೇರೆ. ಗಂಡ ಒಳ್ಳೆಯ ಮನುಷ್ಯ, ಆದರೆ "ಎಕ್ಸ್‌ರೇಲಿ ಎಂತದೂ ಇಲ್ಲವಲ್ಲೆ" ಎಂಬ ಒಂದು ಮಾತು ಆಡಿದ್ದರು. ಮುರಿದ ದಿನಕ್ಕಿಂತ ಆ ಮಾತು ಜಾಸ್ತಿ ನೋಯಿಸಿತು ಎಂದು ಅಕ್ಕ ಹೇಳಿದ್ದು ಗಂಡ ಹೊರಗೆ ಹೋದಾಗ.

ಮಾರ್ಚಿನಲ್ಲಿ ಮತ್ತೆ ಬಂದರು. ಜೊತೆಗೆ ಕಾಲೇಜು ಓದುವ ಮಗಳು. ಮಾತು ಶುರು ಮಾಡಿದ್ದು ಅವಳೇ. "ಅಮ್ಮ ಹೆಡಿಗೆಯೊಳಗೆ ಕಾಲಿಟ್ಟು ಮಲಗ್ತಾರೆ."

ನನಗೆ ಅರ್ಥವಾಗಲಿಲ್ಲ. ಆಗ ವಿವರಿಸಿದಳು. ರಾತ್ರಿ ಕಂಬಳಿ ಪಾದಕ್ಕೆ ತಾಗಿದರೆ ಸಹಿಸಲು ಆಗುವುದಿಲ್ಲ. ಕಂಬಳಿ ಇಲ್ಲದಿದ್ದರೆ ಚಳಿ. ಅದಕ್ಕೆ ಬಿದಿರಿನ ಹೆಡಿಗೆಯೊಂದನ್ನು ಹಾಸಿಗೆಯ ಮೇಲೆ ಅಡ್ಡ ಮಲಗಿಸಿ, ಅದರೊಳಗೆ ಕಾಲು ತೂರಿಸಿ, ಮೇಲೆ ಕಂಬಳಿ ಹೊದ್ದು ಮಲಗುತ್ತಾರೆ. ಅಕ್ಟೋಬರಿನಿಂದ ಹೀಗೇ. ಆಸ್ಪತ್ರೆಗಳಲ್ಲಿ ಹೊದಿಕೆ ಮೈಗೆ ತಾಗದಿರಲಿ ಎಂದು ಇಡುವ ಕಮಾನಿನ ಬಗ್ಗೆ ನಾನು ಕಾಲೇಜಿನಲ್ಲಿ ಓದಿದ್ದೆ. ಈ ಅಕ್ಕ ಅದನ್ನು ತಾನೇ ಕಂಡುಹಿಡಿದುಕೊಂಡಿದ್ದರು. ನನ್ನ ಮುಂದೆ ಎರಡು ತಿಂಗಳು ಕೂತಾಗಲೂ ಹೇಳಿರಲಿಲ್ಲ, ಏಕೆಂದರೆ ನಿದ್ದೆ ಹೇಗಿದೆ ಎಂದು ನಾನು ಕೇಳಿರಲಿಲ್ಲ.

ಅವತ್ತು ಬಿಗಿತ ಅಳೆಯುವುದನ್ನು ಬಿಟ್ಟು ಕೇಳುತ್ತಾ ಕೂತೆ. "ಎಂಥ ನೋವು ಅಕ್ಕ?"

"ನೋವಲ್ಲ ಮಾರಾಯ್ರೇ, ಉರಿ. ಹಸಿಮೆಣಸು ಅರೆದು ಬಳಿದ ಹಾಗೆ. ನಡುನಡುವೆ ಕರೆಂಟ್ ಹೊಡೆದ ಹಾಗೆ ಚಳುಕು, ಬೆರಳ ತನಕ. ಸುಮ್ನೆ ಕೂತಾಗ ಇರುವೆ ಹರಿದ ಹಾಗೆ. ಮುಟ್ಟಿದ್ರೆ ಮಾತ್ರ ಗೊತ್ತೇ ಆಗೋದಿಲ್ಲ, ಮರಗಟ್ಟಿದೆ. ಗೊತ್ತಾಗದೇ ಇರೋ ಜಾಗ ಹೆಂಗೆ ಉರೀತದೆ ಹೇಳಿ?"

ನರದ ನೋವನ್ನು ಗುರುತಿಸಲು ಡಿಎನ್-4 ಎಂಬ ಪ್ರಶ್ನಾವಳಿ ಇದೆ. ಒಟ್ಟು ಹತ್ತು ಅಂಶ. ನಾಲ್ಕು ಅಥವಾ ಹೆಚ್ಚು "ಹೌದು" ಬಂದರೆ ಅದು ನರದ ನೋವಿರಬಹುದು. ಉರಿ, ಕೊರೆಯುವ ಚಳಿಯಂಥ ನೋವು, ಕರೆಂಟ್ ಹೊಡೆತ, ಜುಮ್ಮೆನ್ನುವುದು, ಸೂಜಿ ಚುಚ್ಚಿದಂತಾಗುವುದು, ಮರಗಟ್ಟುವುದು, ತುರಿಕೆ, ಹೀಗೆ ಏಳು. ಜೊತೆಗೆ ಮುಟ್ಟಿ ನೋಡುವ ಮೂರು ಪರೀಕ್ಷೆ. ಅಕ್ಕನಿಗೆ ಎಂಟು ಬಂತು. ಉರಿ, ಚಳುಕು, ಜೋಮು, ಜುಮ್ಮು, ಸೆಳೆತ, ಕೊರೆತ, ಸಿಡಿತ ಎಂದು ನಮ್ಮ ಹೆಂಗಸರು ಒಂದೊಂದು ನೋವಿಗೂ ಒಂದೊಂದು ಮಾತು ಇಟ್ಟುಕೊಂಡಿದ್ದಾರೆ. ನಾವು ಬಿಳಿ ಕೋಟಿನವರು ಅವನ್ನೆಲ್ಲ ಫೈಲಿನಲ್ಲಿ "ನೋವು" ಎಂದು ಒಂದೇ ಮಾತಿಗೆ ಇಳಿಸಿಬಿಡುತ್ತೇವೆ. ನಾನೂ ಹಾಗೇ ಮಾಡಿದ್ದೆ.

ಯಾವ ನರ?

ಹತ್ತಿ ಮತ್ತು ಪಿನ್ನು ಹಿಡಿದು ಪಾದದ ಮೇಲೆ ನಕ್ಷೆ ಬರೆದೆವು. ಮಗಳು ಪೆನ್ನಿನಲ್ಲಿ ಗೆರೆ ಎಳೆದಳು. ಪಾದದ ಮೇಲ್ಭಾಗ, ನಡುವಿನ ಬೆರಳುಗಳವರೆಗೆ, ಪಿನ್ನು ಚುಚ್ಚಿದರೆ ಮಂದ. ಅದೇ ಜಾಗಕ್ಕೆ ಹತ್ತಿ ಸವರಿದರೆ ಅಕ್ಕ ಕಾಲು ಎಳೆದುಕೊಂಡರು. ಹೆಬ್ಬೆರಳು ಮತ್ತು ಪಕ್ಕದ ಬೆರಳಿನ ನಡುವಿನ ಸಂದು ಸರಿ ಇತ್ತು. ಕಿರುಬೆರಳಿನ ಕಡೆಯ ಅಂಚೂ ಸರಿ. ಅಂಗಾಲು ಸರಿ.

ಈ ನಕ್ಷೆಯೇ ಅರ್ಧ ಉತ್ತರ. ಪಾದಕ್ಕೆ ಬರುವ ನರಗಳು ಜಾಗ ಹಂಚಿಕೊಂಡಿವೆ. ಆ ಸಂದು ಡೀಪ್ ಪೆರೋನಿಯಲ್ ನರದ್ದು. ಕಿರುಬೆರಳಿನ ಅಂಚು ಸೂರಲ್ ನರದ್ದು. ಪಾದದ ಮೇಲ್ಭಾಗದ ಹೆಚ್ಚು ಪಾಲು ಸೂಪರ್‌ಫಿಷಿಯಲ್ ಪೆರೋನಿಯಲ್ ನರದ್ದು. ಇದು ಮೊಣಕಾಲ ಕೆಳಗೆ ಸ್ನಾಯುಗಳ ನಡುವೆ ಅಡಗಿ ಬಂದು, ಹೊರ ಗಿಣ್ಣಿನಿಂದ ಸುಮಾರು 10-12 ಸೆಂಟಿಮೀಟರ್ ಮೇಲೆ ಚರ್ಮದ ಹತ್ತಿರಕ್ಕೆ ಹೊರಬೀಳುತ್ತದೆ. ಎಲ್ಲರಲ್ಲೂ ಒಂದೇ ಜಾಗದಲ್ಲಲ್ಲ. ಹೊರಗಡೆಯ ಮೂಳೆಗೆ ಪ್ಲೇಟು ಕೂರಿಸಲು ಚರ್ಮ ಕೊಯ್ಯುವುದೂ ಅದೇ ಆಸುಪಾಸಿನಲ್ಲಿ. ಎಷ್ಟು ಜಾಗ್ರತೆ ವಹಿಸಿದರೂ ಈ ನರ ಎಳೆತಕ್ಕೆ ಸಿಗಬಹುದು, ಅಥವಾ ಆಮೇಲೆ ಮಾಯುವ ಗಾಯದ ಗಂಟಿನಲ್ಲಿ ಸಿಕ್ಕಿಕೊಳ್ಳಬಹುದು. ಬಿದ್ದಾಗಿನ ತಿರುಚುವಿಕೆಯಲ್ಲೇ ಪೆಟ್ಟಾಗಿರಲೂಬಹುದು. ಯಾರ ತಪ್ಪು ಎಂದು ಮಗಳು ಕೇಳಿದಳು. ತಪ್ಪು ಹುಡುಕುವಂಥದ್ದು ಇಲ್ಲಿ ನನಗೆ ಕಾಣಲಿಲ್ಲ, ತಡವಾಗಿ ಗುರುತಿಸಿದ್ದು ಬಿಟ್ಟರೆ.

ಅಕ್ಕನ ಕಲೆ ಹತ್ತು ಸೆಂಟಿಮೀಟರ್ ಉದ್ದ. ಅದರ ಮೇಲ್ತುದಿಯ ಒಂದು ಬಿಂದುವಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದೆ. ಬೆರಳ ತುದಿಯವರೆಗೆ ಕರೆಂಟ್ ಹೊಡೆಯಿತು. ಇದಕ್ಕೆ ಟಿನೆಲ್ ಚಿಹ್ನೆ ಎನ್ನುತ್ತಾರೆ. ಜೂಲ್ಸ್ ಟಿನೆಲ್ ಎಂಬ ಫ್ರೆಂಚ್ ವೈದ್ಯರು 1915ರಲ್ಲಿ, ಮೊದಲನೇ ಮಹಾಯುದ್ಧದ ಹೊತ್ತಿಗೆ, ವಿವರಿಸಿದ್ದು. ಕಡಿದ ನರ ದಿನಕ್ಕೆ ಹೆಚ್ಚುಕಡಿಮೆ ಒಂದು ಮಿಲಿಮೀಟರಿನಂತೆ ಬೆಳೆಯುತ್ತದೆ. ಚೆನ್ನಾಗಿ ಮಾಯುತ್ತಿದ್ದರೆ ತಟ್ಟಿದಾಗ ಚಳುಕು ಹೊಡೆಯುವ ಬಿಂದು ತಿಂಗಳು ತಿಂಗಳಿಗೂ ಕೆಳಗೆ ಸರಿಯಬೇಕು. ಅಕ್ಕನದು ಮಾರ್ಚಿನಲ್ಲೂ ಅಲ್ಲೇ, ಮೇ ತಿಂಗಳಲ್ಲೂ ಅಲ್ಲೇ. ಅಂದರೆ ನರ ಅಲ್ಲಿ ಸಿಕ್ಕಿಹಾಕಿಕೊಂಡಿದೆ.

ಗೊತ್ತಾಗದ ಜಾಗ ಹೇಗೆ ಉರಿಯುತ್ತದೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು. ಮಳೆಗಾಲದ ಕರೆಂಟ್ ಲೈನಿನ ಮಾತು ತೆಗೆದೆ. ತೋಟದ ನಡುವೆ ತಂತಿಗೆ ಕೊಂಬೆ ತಾಗುತ್ತದೆ, ಮನೆಯಲ್ಲಿ ಬಲ್ಬು ಮಿಣುಕುತ್ತದೆ. ಬಲ್ಬನ್ನು ಎಷ್ಟು ಒರೆಸಿದರೆ ಏನು? ಪಾದದಿಂದ ಸರಿಯಾದ ಸುದ್ದಿ ಮೇಲೆ ಹೋಗುತ್ತಿಲ್ಲ, ಅದಕ್ಕೆ ಮರಗಟ್ಟಿದೆ. ಪೆಟ್ಟಾದ ಜಾಗದಲ್ಲಿ ನರ ತಾನಾಗೇ ಕಿಡಿ ಹಾರಿಸುತ್ತಿದೆ, ಮಿದುಳು ಅದನ್ನು ಪಾದದ ಉರಿ ಎಂದು ಓದುತ್ತಿದೆ. ತಿಂಗಳುಗಟ್ಟಲೆ ಹೀಗಾದರೆ ಬೆನ್ನುಹುರಿಯೂ ಚುರುಕಾಗಿ, ಕಂಬಳಿ ತಾಗಿದ್ದನ್ನೂ ಬೆಂಕಿ ಎಂದು ತಿಳಿಯುತ್ತದೆ.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದ್ರೆ ಲೈನ್‌ಮನ್ ಯಾರು?"

ಲೈನ್‌ಮನ್ ಹುಡುಕುವ ಮುಂಚೆ ಬೇರೆ ಕಾರಣಗಳನ್ನು ತಳ್ಳಿಹಾಕಬೇಕಿತ್ತು. ಅವರನ್ನು ಮೂಳೆ ವೈದ್ಯರ ಹತ್ತಿರ, ಅಲ್ಲಿಂದ ನೋವಿನ ಚಿಕಿತ್ಸೆಯ ವೈದ್ಯರೊಬ್ಬರ ಹತ್ತಿರ ಕಳಿಸಿದೆ. ಸೋಂಕು ಇರಲಿಲ್ಲ, ಸ್ಕ್ರೂ ಸಡಿಲವಾಗಿರಲಿಲ್ಲ. ಪೆಟ್ಟಾದ ಮೇಲೆ ಬರುವ ಸಿಆರ್‌ಪಿಎಸ್ ಎಂಬ ಕೆಟ್ಟ ನೋವಿನ ಸ್ಥಿತಿಯಲ್ಲಿ ಪಾದದ ಬಣ್ಣ, ಬಿಸಿ, ಬೆವರು, ಊತ, ಉಗುರು ಎಲ್ಲ ಬದಲಾಗುತ್ತವೆ. ಇವರ ಎರಡೂ ಪಾದ ಒಂದೇ ಬಣ್ಣ, ಒಂದೇ ಬಿಸಿ. ಪಾದ ಎತ್ತುವ ಶಕ್ತಿ ಸರಿ ಇತ್ತು. ಕುಷ್ಠದಲ್ಲೂ ಈ ಕಡೆಯ ನರಕ್ಕೆ ಏಟಾಗುವುದರಿಂದ ಮೊಣಕಾಲ ಹೊರಬದಿಯ ನರ ದಪ್ಪವಾಗಿದೆಯೇ ಎಂದೂ ಮುಟ್ಟಿ ನೋಡಿದರು. ಇರಲಿಲ್ಲ. ರಕ್ತದಲ್ಲಿ ಸಿಕ್ಕಿದ್ದು ಒಂದೇ: ವಿಟಮಿನ್ ಬಿ12 ಕಡಿಮೆ. ಸಸ್ಯಾಹಾರಿ ಮನೆಗಳಲ್ಲಿ ಇದು ತೀರಾ ಮಾಮೂಲು. ಉರಿಗೆ ಅದೇ ಕಾರಣವಲ್ಲ, ಬಿ12 ಕೊರತೆಯಾದರೆ ಸಾಮಾನ್ಯವಾಗಿ ಎರಡೂ ಪಾದಕ್ಕೆ ಆಗಬೇಕು. ಆದರೂ ನರ ಮಾಯಬೇಕಾದರೆ ಅದು ಬೇಕು, ಇಂಜೆಕ್ಷನ್ ಕೊಟ್ಟರು.

ಆಮೇಲೆ ಕಲೆಯ ಆ ಬಿಂದುವಿನ ಹತ್ತಿರ ಸ್ವಲ್ಪ ಲಿಗ್ನೋಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಕೊಡುತ್ತಾರಲ್ಲ, ಅದೇ ಮದ್ದು. ಐದು ನಿಮಿಷದಲ್ಲಿ ಉರಿ ನಿಂತಿತು. ಒಂದೂವರೆ ಗಂಟೆ ನಿಂತಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ. ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ತಮ್ಮ ಪಾದವನ್ನು ತಾವೇ ಮುಟ್ಟಿ ನೋಡಿಕೊಳ್ಳುತ್ತಿದ್ದರಂತೆ. ಗಂಡ ಅದನ್ನು ನೋಡಿದರು. ಎಕ್ಸ್‌ರೇಯ ಮಾತು ಮತ್ತೆ ಆ ಮನೆಯಲ್ಲಿ ಬರಲಿಲ್ಲ.

ಮಾತ್ರೆಗಳ ಗಲಾಟೆ

ಮೊದಲು ರಾತ್ರಿಗೆ 75 ಮಿಲಿಗ್ರಾಂ ಪ್ರಿಗ್ಯಾಬಲಿನ್ ಕೊಟ್ಟರು. ತುಂಬ ಜನಕ್ಕೆ ಹೊಂದುವ ಮಾತ್ರೆ. ಅಕ್ಕನಿಗೆ ತಲೆ ತಿರುಗಿತು. ಬೆಳಗ್ಗೆ ಬಚ್ಚಲ ಮೆಟ್ಟಿಲಲ್ಲಿ ತೂರಾಡಿ ಗೋಡೆ ಹಿಡಿದರು. ಐದನೇ ದಿನ ತಾವೇ ನಿಲ್ಲಿಸಿಬಿಟ್ಟರು. (ಕೆಲವು ವಾರ ತೆಗೆದುಕೊಂಡ ಮೇಲೆ ಹೀಗೆ ಥಟ್ಟನೆ ಬಿಡಬಾರದು, ವೈದ್ಯರನ್ನು ಕೇಳಿ ಇಳಿಸುತ್ತಾ ಬರಬೇಕು.)

ಆಮೇಲೆ ಅಮಿಟ್ರಿಪ್ಟಿಲಿನ್, ರಾತ್ರಿ 10 ಮಿಲಿಗ್ರಾಂ. ಸಂಬಂಧಿಕರ ಹುಡುಗನೊಬ್ಬ ಮೊಬೈಲಿನಲ್ಲಿ ಹುಡುಕಿ "ಇದು ಡಿಪ್ರೆಶನ್ ಮಾತ್ರೆ" ಎಂದ. ಮನೆಯಲ್ಲಿ ರಾದ್ಧಾಂತ. "ನಮ್ಮನೆ ಸೊಸೆಗೆ ತಲೆ ಕೆಟ್ಟಿಲ್ಲ" ಎಂದು ಅತ್ತೆಯವರು ನನಗೇ ಫೋನು ಮಾಡಿದರು. ಖಿನ್ನತೆಗೆ ಕೊಡುವ ಪ್ರಮಾಣ ಇದರ ಎಷ್ಟೋ ಪಟ್ಟು. ಇಷ್ಟು ಸಣ್ಣ ಪ್ರಮಾಣದಲ್ಲಿ ಅದರ ಕೆಲಸ ಬೇರೆ, ಬೆನ್ನುಹುರಿಯಲ್ಲಿ ನೋವಿನ ಸುದ್ದಿಯ ಸದ್ದನ್ನು ತಗ್ಗಿಸುವುದು. ನರದ ನೋವಿನ ಔಷಧಗಳ ಬಗ್ಗೆ 2015ರಲ್ಲಿ ಬಂದ ದೊಡ್ಡ ಪರಿಶೀಲನೆಯಲ್ಲಿ ಈ ಗುಂಪಿನ ಮಾತ್ರೆ ನಾಲ್ಕು ಜನಕ್ಕೆ ಕೊಟ್ಟರೆ, ಹುಸಿ ಮಾತ್ರೆಗೆ ಹೋಲಿಸಿದಾಗ, ಸುಮಾರು ಒಬ್ಬರಿಗೆ ಹೆಚ್ಚಾಗಿ ನೋವು ಅರ್ಧಕ್ಕೆ ಇಳಿಯುತ್ತದೆ ಎಂದು ಲೆಕ್ಕ ಸಿಕ್ಕಿತು. ಪ್ರಿಗ್ಯಾಬಲಿನ್‌ಗೆ ಅದು ಸುಮಾರು ಎಂಟಕ್ಕೆ ಒಂದು. ಕೇಳಲು ಕಡಿಮೆ ಎನಿಸುತ್ತದೆ, ನರದ ನೋವಿನಲ್ಲಿ ಇದೇ ಒಳ್ಳೆಯ ಲೆಕ್ಕ. ಹೃದಯದ ತೊಂದರೆ, ಗ್ಲಾಕೋಮಾ ಇದ್ದವರಿಗೆ ಆಗದು, ಆದ್ದರಿಂದ ಕೇಳದೆ ತೆಗೆದುಕೊಳ್ಳುವ ಮಾತ್ರೆಯಲ್ಲ.

ಬಾಯಿ ಒಣಗಿತು, ಮಲಬದ್ಧತೆ ಆಯಿತು. ಮೂರನೇ ವಾರ ಮಗಳು ಮೆಸೇಜ್ ಮಾಡಿದಳು: "ಅಮ್ಮ ನಿನ್ನೆ ಐದು ಗಂಟೆ ನಿದ್ದೆ ಮಾಡಿದ್ರು." ಮೊದಲು ಮೂರು ಗಂಟೆ ಆಗುತ್ತಿತ್ತು. ಆಮೇಲೆ 25 ಮಿಲಿಗ್ರಾಂಗೆ ಏರಿಸಿದರು.

ಅನ್ನಕ್ಕೆ ಕಾಲು ತಾಗಿಸಬಾರದು

ನನ್ನ ಪಾಲಿನ ಕೆಲಸ ಚರ್ಮಕ್ಕೆ ಮತ್ತೆ ಸ್ಪರ್ಶವನ್ನು ಕಲಿಸುವುದು. ಮೊದಲು ದೇವರ ಕೋಣೆಯ ಬತ್ತಿಯ ಹತ್ತಿ, ಆಮೇಲೆ ಹಳೆಯ ಹತ್ತಿ ಸೀರೆ, ಆಮೇಲೆ ಒರಟು ಟವೆಲ್. ಸರಿ ಇರುವ ಚರ್ಮದಿಂದ ಶುರು ಮಾಡಿ ಉರಿಯುವ ಜಾಗದ ಅಂಚಿಗೆ, ಅಲ್ಲಿಂದ ಒಳಕ್ಕೆ. ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ನಾಲ್ಕು ಸಲ. ಕಣ್ಣು ಬಿಟ್ಟು ನೋಡುತ್ತಾ ಮಾಡಬೇಕು. ತಿಕ್ಕುವವರು ಮಾಡಿದ್ದು ಇದರ ತದ್ವಿರುದ್ಧ.

ಮುಂದಿನ ಹಂತಕ್ಕೆ ಪುಸ್ತಕದಲ್ಲಿ ಇರುವಂತೆ "ಬಕೆಟ್ಟಿನಲ್ಲಿ ಅಕ್ಕಿ ತುಂಬಿಸಿ ಅದರೊಳಗೆ ಪಾದ ಆಡಿಸಿ" ಎಂದೆ. ಅಕ್ಕ ನನ್ನನ್ನೇ ನೋಡಿದರು. "ಅಕ್ಕಿಗೆ ಕಾಲು ತಾಗಿಸೋದಾ? ನಿಮ್ಮನೇಲಿ ಹೇಳ್ಕೊಡ್ಲಿಲ್ವಾ?" ನಾನು ನಾಚಿ ನೀರಾದೆ. ಹಿಂದೆ ಎಷ್ಟು ಜನಕ್ಕೆ ಇದೇ ಸಲಹೆ ಕೊಟ್ಟು, ಅವರು ಮನೆಗೆ ಹೋಗಿ ಮಾಡದೆ, "ಮಾಡ್ತಾ ಇದೀನಿ" ಎಂದು ಸುಳ್ಳು ಹೇಳಿದ್ದಾರೋ! ಅಕ್ಕ ಭತ್ತದ ಉಮಿ ಬಳಸಿದರು. ಅದು ಅಕ್ಕಿಗಿಂತ ಒಳ್ಳೆಯದೇ ಆಯಿತು, ಮೆತ್ತಗೂ ಹೌದು, ಚುಚ್ಚುವುದೂ ಹೌದು. ಆಮೇಲೆ ಹೊಳೆ ಮರಳು.

ಸರಿ ಇರುವ ಕಾಲಿನ ಬಿಂಬವನ್ನು ಕನ್ನಡಿಯಲ್ಲಿ ನೋಡುತ್ತಾ ಆಡಿಸುವ ಕನ್ನಡಿ ಚಿಕಿತ್ಸೆಯನ್ನೂ ಎರಡು ವಾರ ಮಾಡಿಸಿದೆ. ಅವರಿಗೆ ನಗು ಬಂತೇ ಹೊರತು ಉಪಯೋಗ ಆಗಲಿಲ್ಲ, ಬಿಟ್ಟೆವು.

ಚಪ್ಪಲಿ ಮಾತ್ರ ದೊಡ್ಡ ವಿಷಯವಾಯಿತು. ಹವಾಯಿ ಚಪ್ಪಲಿಯ ಪಟ್ಟಿ ಹೋಗುವುದು ಸರಿಯಾಗಿ ಆ ನರದ ಜಾಗದ ಮೇಲೆ. ಇಡೀ ದಿನ ಅದು ಉಜ್ಜುತ್ತಿತ್ತು, ಯಾರೂ ಗಮನಿಸಿರಲಿಲ್ಲ. ಅಗಲ ಪಟ್ಟಿಯ ಮೆತ್ತನೆ ಸ್ಯಾಂಡಲ್ ತಂದರು. ತೋಟಕ್ಕೆ ಗಂಬೂಟು, ಒಳಗೆ ಎರಡು ಉಣ್ಣೆಯ ಸಾಕ್ಸು.

ಮರಗಟ್ಟಿದ ಪಾದಕ್ಕೆ ಮಲೆನಾಡಿನಲ್ಲಿ ಇನ್ನೊಂದು ಅಪಾಯ ಇದೆ. ಒಂದು ಸಂಜೆ ಸಾಕ್ಸು ಬಿಚ್ಚಿದರೆ ಬೆರಳ ಸಂದಿನ ಪಕ್ಕ ಇಂಬಳ ರಕ್ತ ಕುಡಿದು ದ್ರಾಕ್ಷಿಯಂತೆ ಊದಿತ್ತು. ಅಕ್ಕನಿಗೆ ಗೊತ್ತೇ ಆಗಿರಲಿಲ್ಲ. ಇಂಬಳ ಪರವಾಗಿಲ್ಲ, ಹಂಡೆಯ ಕುದಿ ನೀರು ಹಾಗಲ್ಲ. ನೀರನ್ನು ಮೊದಲು ಮೊಣಕೈಯಿಂದ ನೋಡುವುದು, ಒಲೆಯ ಮುಂದೆ ಕಾಲು ಚಾಚದಿರುವುದು, ದಿನಾ ಸಂಜೆ ಪಾದ ತಿರುಗಿಸಿ ನೋಡಿಕೊಳ್ಳುವುದು ಎಂದು ನಿಯಮ ಮಾಡಿಕೊಂಡರು.

ಎಲ್ಲಕ್ಕಿಂತ ಕಷ್ಟ ಆದದ್ದು ಸುಮ್ಮನೆ ಕೂರುವುದು. ಉರಿ ಕಡಿಮೆ ಇದ್ದ ದಿನ ಅಕ್ಕ ಕೊಟ್ಟಿಗೆ ಗುಡಿಸಿ, ಹಪ್ಪಳ ಒತ್ತಿ, ತೋಟಕ್ಕೂ ಹೋಗಿಬರುತ್ತಿದ್ದರು. ಮುಂದಿನ ಮೂರು ದಿನ ಹಾಸಿಗೆ. ಮೊಬೈಲಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಾಂ ಇಟ್ಟೆವು. ಹೊಡೆದ ಕೂಡಲೇ ಕೂರಬೇಕು, ಕಾಲು ಚೆನ್ನಾಗಿದ್ದರೂ. ವಾರಕ್ಕೆ ಎರಡೆರಡು ನಿಮಿಷ ಹೆಚ್ಚಿಸುವುದು. "ಕೆಲಸ ಅರ್ಧಕ್ಕೆ ಬಿಟ್ಟು ಕೂತರೆ ನೋಡಿದವರು ಎಂತ ಹೇಳ್ತಾರೆ?" ಎಂದರು. ಅತ್ತೆಯವರೇ "ಕೂತ್ಕೊ, ಗಂಟೆ ಹೊಡೀತು" ಎನ್ನಲು ಶುರು ಮಾಡಿದ ಮೇಲೆ ಅದು ನಡೆಯಿತು.

ಮಾರ್ಚಿನಲ್ಲಿ ರಾತ್ರಿಯ ಉರಿ ಹತ್ತಕ್ಕೆ ಎಂಟು, ಜೂನಿಗೆ ಐದು. ಜುಲೈಯಲ್ಲಿ ಮಳೆ, ಚಳಿ ಏರಿತು. ಉರಿ ಮತ್ತೆ ಏಳಕ್ಕೆ ಹೋಯಿತು. ಬೆಳಗ್ಗೆ ಆರಕ್ಕೆ ಫೋನು: "ಎಲ್ಲ ಮೊದಲಿನ ಹಾಗೇ ಆಯ್ತು ಡಾಕ್ಟ್ರೇ." ಆಗಿರಲಿಲ್ಲ. ನಿದ್ದೆ ಐದು ಗಂಟೆ ಇತ್ತು, ಹತ್ತಿ ಸವರಿದರೆ ತಡೆಯುತ್ತಿದ್ದರು. ಒಂದು ವಾರ ಅಲಾರಾಂ ಹತ್ತು ನಿಮಿಷಕ್ಕೆ ಇಳಿಸಿ, ಸಾಕ್ಸು ದಿನಕ್ಕೆ ಮೂರು ಸಲ ಬದಲಿಸಿ, ಉಮಿ ಬಿಟ್ಟು ಸೀರೆಗೆ ಮರಳಿದೆವು. ಹನ್ನೊಂದು ದಿನಕ್ಕೆ ಇಳಿಯಿತು.

ಪ್ಲೇಟು ತೆಗೆಸಿ ನರ ಬಿಡಿಸುವ ಆಪರೇಷನ್ನಿನ ಮಾತೂ ಬಂತು. ಮಾಡಿಸಬಹುದು. ಅದೇ ಕಲೆಯ ಮೇಲೆ ಮತ್ತೆ ಕೊಯ್ದರೆ ನರಕ್ಕೆ ಇನ್ನೊಂದು ಪೆಟ್ಟಾಗುವ ಸಾಧ್ಯತೆಯನ್ನೂ ವೈದ್ಯರು ಮುಚ್ಚಿಡಲಿಲ್ಲ. ಉರಿ ನಾಲ್ಕಕ್ಕಿಂತ ಕೆಳಗೆ ಇರುವವರೆಗೆ ಬೇಡ ಎಂದು ಅಕ್ಕ ತೀರ್ಮಾನಿಸಿದರು. ನನಗೂ ಅದು ಸರಿ ಕಂಡಿತು.

ಅವರಿಗೆ ಇದ್ದ ಗುರಿ ಒಂದೇ, ಅಡಿಕೆ ಸುಲಿತಕ್ಕೆ ಕೂರುವುದು. ಯಂತ್ರ ಬಂದಿದೆ, ಕೂರಲೇಬೇಕೆಂದೇನಿಲ್ಲ. ಆದರೆ ರಾತ್ರಿ ಚಪ್ಪರದ ಕೆಳಗೆ ಅಕ್ಕಪಕ್ಕದ ಹೆಂಗಸರೆಲ್ಲ ಮೆಟ್ಟುಗತ್ತಿ ಹಾಕಿಕೊಂಡು ಕೂತು ಊರ ಸುದ್ದಿಯೆಲ್ಲ ಸುಲಿಯುವುದು ಆಗಲೇ ಅಲ್ವಾ? ಹಿಂದಿನ ವರ್ಷ ಅವರು ಒಳಗೆ ಹಾಸಿಗೆಯಲ್ಲಿ ಮಲಗಿ ಆ ನಗು ಕೇಳಿಸಿಕೊಂಡಿದ್ದರು. ಮೆಟ್ಟುಗತ್ತಿಯ ಮಣೆಯನ್ನು ಕಾಲಿನಿಂದ ಒತ್ತಿ ಹಿಡಿಯಬೇಕು. ಬಲಗಾಲಿನಲ್ಲಿ ಆಗಲಿಲ್ಲ. ಮಣೆ ತಿರುಗಿಸಿ ಎಡಗಾಲಿನಲ್ಲಿ ಒತ್ತುವುದನ್ನು ಅಕ್ಟೋಬರಿನಲ್ಲಿ ನನ್ನ ಕ್ಲಿನಿಕ್ಕಿನ ನೆಲದ ಮೇಲೇ ಅಭ್ಯಾಸ ಮಾಡಿದರು, ಕತ್ತಿ ಬಿಚ್ಚಿಟ್ಟು. ನವೆಂಬರಿನಲ್ಲಿ ಇಪ್ಪತ್ತು ನಿಮಿಷ, ಡಿಸೆಂಬರ್ ಕೊನೆಗೆ ಒಂದು ಗಂಟೆ. ಮೊದಲಿನ ಅರ್ಧದಷ್ಟೂ ಸುಲಿಯಲಾಗುವುದಿಲ್ಲ ಎಂದು ಅವರೇ ನಗುತ್ತಾರೆ.

ಕೊನೆಯ ಸಲ ಬಂದಾಗ ಉರಿ ಮೂರು, ನಿದ್ದೆ ಆರು ಗಂಟೆ. ಪಾದದ ಮೇಲಿನ ಮರಗಟ್ಟಿದ ಜಾಗ ಅಂಗೈಯಷ್ಟು ಇದ್ದದ್ದು ಈಗ ಅರ್ಧ ಅಂಗೈ. ಅದು ಪೂರ್ತಿ ಹೋಗುತ್ತದೆ ಎಂದು ನಾನು ಹೇಳಿಲ್ಲ. ಮಾತ್ರೆ ಮತ್ತೆ 10 ಮಿಲಿಗ್ರಾಂಗೆ ಇಳಿದಿದೆ. ಬೇಸಿಗೆಯಲ್ಲೇ ನಿಲ್ಲಿಸಿ ನೋಡೋಣ ಎಂದು ವೈದ್ಯರು ಹೇಳಿದ್ದಾರೆ. ಅಕ್ಕ ಒಪ್ಪಲಿಲ್ಲ.

"ಇನ್ನೊಂದು ಪುನರ್ವಸು ದಾಟಲಿ. ಆಮೇಲೆ ಬಿಡ್ತೇನೆ."

ಹೆಡಿಗೆ? ಅದನ್ನು ಅಟ್ಟಕ್ಕೆ ಹಾಕಿದ್ದಾರಂತೆ, ಕೈಗೆ ಸಿಗುವ ಕಡೆಗೆ.